ಅಪ್‌ಡೇಟ್: ನಮ್ಮ ಸ್ಪ್ಯಾನಿಯಲ್ ನಾಯಿ ಕೊನೆಗೂ ಕ್ಯಾಮೆರಾ ಮುಂದೆ ನಿಂತಳು!

ಮನೆಯಲ್ಲಿ ಹೇಳಿದ್ದೆಲ್ಲ ಮಾಡುವ ನಮ್ಮ ಕಾಕರ್ ಸ್ಪ್ಯಾನಿಯಲ್, ಜಾಹೀರಾತಿನ ಟ್ರಯಲ್‌ನಲ್ಲಿ ಮಾತ್ರ ನೆಲದಲ್ಲಿ ಹಾಕಿದ ಗುರುತಿನ ಮೇಲೆ ನಿಲ್ಲದೆ ನನ್ನ ಹತ್ತಿರವೇ ಓಡಿ ಬರ್ತಾಳೆ, ಏನು ಮಾಡಲಿ ಅಂತ ಎರಡು ತಿಂಗಳ ಹಿಂದೆ ಕೇಳಿದ್ದೆ. ಕಳೆದ ವಾರ ಅವಳ ಮೊದಲ ಶೂಟಿಂಗ್ ಮುಗೀತು.

ತಪ್ಪು ನನ್ನದೇ. ಪ್ರತಿ ಸಲ ಅವಳನ್ನು ಕರೆದು ತಿಂಡಿ ಕೊಡ್ತಿದ್ದೆ. ತಿಂಡಿ ಇರೋದು ನನ್ನ ಹತ್ತಿರ ಅಂತ ಅವಳು ಸರಿಯಾಗೇ ಕಲಿತಿದ್ದಳು. ಈಗ ಚಿಕ್ಕ ಮ್ಯಾಟ್ ಹಾಸಿ, ಮುಂಗಾಲು ಅದರ ಮೇಲೆ ಬಂದ ಕ್ಷಣಕ್ಕೇ ಕ್ಲಿಕ್ಕರ್ (ಒತ್ತಿದರೆ 'ಟಿಕ್' ಅನ್ನುವ ಪುಟ್ಟ ಸಾಧನ) ಒತ್ತಿ, ತಿಂಡಿಯನ್ನು ಅಲ್ಲಿಗೇ ಒಯ್ದು ಕೊಟ್ಟೆ. ಆಮೇಲೆ ದಿನಾ ಮ್ಯಾಟನ್ನು ಒಂದಿಷ್ಟು ಕತ್ತರಿಸುತ್ತ ಬಂದೆ. ಕೊನೆಗೆ ಉಳಿದದ್ದು ಅಂಗೈ ಅಗಲದ ತುಂಡು. ಡೈಲಾಗ್ ರೆಕಾರ್ಡ್ ಆಗುವಾಗ ನಾನು ಬಾಯಿ ಬಿಡುವಂತಿಲ್ಲವಲ್ಲ, ಹಾಗಾಗಿ ಎಲ್ಲ ಆಜ್ಞೆಯೂ ಕೈಸನ್ನೆಗೆ ಬಂತು.

ಸೆಟ್‌ನಲ್ಲಿ ಕಾಟ ಕೊಟ್ಟದ್ದು ನಾನು ಲೆಕ್ಕಕ್ಕೇ ಇಟ್ಟಿರದ ವಿಷಯ: ಕಿವಿ! ನೀರು ಕುಡಿದಾಗಲೆಲ್ಲ ಎರಡೂ ಕಿವಿ ಬಟ್ಟಲಲ್ಲಿ ಅದ್ದಿ, ಒಂದು ಶಾಟ್‌ನಲ್ಲಿ ಒಣಗಿದ ಕಿವಿ, ಮುಂದಿನದರಲ್ಲಿ ತೊಟ್ಟಿಕ್ಕುವ ಕಿವಿ. ಹಳೇ ಕಾಲುಚೀಲದ ತುದಿ ಕತ್ತರಿಸಿ ತಲೆಗೆ ತೊಡಿಸಿದೆ. ಯೂನಿಟ್‌ನವರು ಫೋಟೋ ತೆಗೆದದ್ದೇ ತೆಗೆದದ್ದು.

ಒಂದು ಜಗಳವೂ ಆಯ್ತು. ಲೈಟಿನ ಶಾಖಕ್ಕೆ ಏದುಸಿರು ಬಿಡ್ತಿದ್ದಳು, 'ಇನ್ನೊಂದೇ ಟೇಕ್' ಅಂದರು, ನಾನು ಕೂಡದು ಅಂದೆ. ಇಪ್ಪತ್ತು ನಿಮಿಷ ನೆರಳಲ್ಲಿ ಮಲಗಿ ಬಂದವಳು ಮೊದಲ ಟೇಕ್‌ನಲ್ಲೇ ಓಕೆ ಮಾಡಿಸಿದಳು.