ಸಿಎಚ್‌ಎಂ ಆಗಿದ್ದೇನೆ: ಜೇಸಿಓ ಆಗಲೇ, ಪಿಂಚಣಿ ತಗೊಂಡು ಮನೆಗೆ ಬರಲೇ?

ಕೇಳಿದವರು: ಇನ್ಫೆಂಟ್ರಿಯಲ್ಲಿ 21 ವರ್ಷ ಸರ್ವೀಸ್. ಎರಡು ವರ್ಷದಿಂದ ಕಂಪನಿ ಹವಾಲ್ದಾರ್ ಮೇಜರ್ (ಸಿಎಚ್‌ಎಂ), ಅಂದರೆ ಕಂಪನಿಯ ಜವಾನರ ಶಿಸ್ತು, ಡ್ಯೂಟಿ ನೋಡುವ ಹವಾಲ್ದಾರ್. ಪ್ರಮೋಷನ್‌ಗೆ ಬೇಕಾದ ಕೇಡರ್ ಕೋರ್ಸ್ ಪಾಸಾಗಿದೆ. ಮಗಳು ಎಸ್‌ಎಸ್‌ಎಲ್‌ಸಿ, ಮನೆಯವಳು ಬಂದುಬಿಡಿ ಅನ್ನುತ್ತಾಳೆ. ನಾಯಬ್ ಸುಬೇದಾರ್, ಅಂದರೆ ಜೇಸಿಓಗಳಲ್ಲಿ (ಜೂನಿಯರ್ ಕಮಿಷನ್ಡ್ ಆಫೀಸರ್) ಮೊದಲ ಹುದ್ದೆ, ಆದ ಮೇಲೆ ಕೆಲಸ ಹೇಗಿರುತ್ತದೆ? ಅನುಭವ ಇದ್ದವರು ಹೇಳಿ.

ನಿವೃತ್ತ ಸುಬೇದಾರ್, ಗೋಕಾಕ: ನಾನು 30 ವರ್ಷ ಪೂರ್ತಿ ಮಾಡಿ ಬಂದವನು. ಮೊದಲ ಪ್ಲಟೂನ್ ಕೈಗೆ ಬಂದಾಗ ಕಾಶ್ಮೀರದ ಕುಪ್ವಾರಾದಲ್ಲಿದ್ದೆವು. ಕಂಪನಿ ಕಮಾಂಡರ್‌ಗೆ 27 ವಯಸ್ಸು, ಒಳ್ಳೆಯ ಹುಡುಗ. ಆದರೆ ಯಾವ ಜವಾನನ ಮನೆಯಲ್ಲಿ ಏನಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಒಬ್ಬ ಸಿಪಾಯಿ ಎರಡು ಹೊತ್ತು ಊಟ ಬಿಟ್ಟ. ಲಂಗರ್‌ನವನು (ಅಡುಗೆಮನೆಯವನು) ಬಂದು ನನ್ನ ಕಿವಿಗೆ ಹಾಕಿದ. ಆ ರಾತ್ರಿ ಅವನಿಗೆ ಸಂತ್ರಿ ಡ್ಯೂಟಿ ಇತ್ತು. ಅದನ್ನು ತೆಗೆಸಿ, ರೈಫಲ್ ಕೋತ್‌ನಲ್ಲಿ (ಆಯುಧ ಕೋಣೆಯಲ್ಲಿ) ಇಡಿಸಿ, ಬೆಳಗಿನ ತನಕ ಪಕ್ಕದಲ್ಲೇ ಕೂತೆ. ತಂಗಿ ಮದುವೆ ಮುರಿದಿತ್ತು. ಮೂರನೇ ದಿನದ ಕಾನ್ವಾಯ್‌ನಲ್ಲಿ ರಜೆ ಮೇಲೆ ಕಳಿಸಿದೆ. ಇವತ್ತಿಗೂ ಫೋನ್ ಮಾಡುತ್ತಾನೆ. ಜೇಸಿಓ ಕೆಲಸ ಅಂದ್ರೆ ಇದು.

ಕಳೆದುಕೊಂಡದ್ದೂ ಇದೆ. ಮಂಡಿ ಹೋಯ್ತು. ಮೆಡಿಕಲ್ ಕೆಟಗರಿ ಇಳಿಯಿತು. ಬೆಟಾಲಿಯನ್‌ಗೆ ಒಬ್ಬರೇ ಸುಬೇದಾರ್ ಮೇಜರ್, ಆ ಕುರ್ಚಿ ನನಗೆ ಸಿಗಲಿಲ್ಲ.

ಮಾಜಿ ಹವಾಲ್ದಾರ್, ಹಾಸನ: ಸಾಬ್, ರಜೆಗೆ ಕಳಿಸಿದೆ ಅಂದಿರಿ. ರಜೆ ಪಟ್ಟಿ ಬಿಡಿಸಿ ಇನ್ನೊಬ್ಬನನ್ನು ತಡೆದು ಅವನಿಗೆ ಜಾಗ ಮಾಡಿದ್ದು ಯಾರು? ಸಿಎಚ್‌ಎಂ ತಾನೇ? ರೋಲ್ ಕಾಲ್, ಗಾರ್ಡ್, ಫಟೀಗ್ (ಮೈಗೆಲಸ) ಎಲ್ಲ ಅವನ ತಲೆ ಮೇಲೆ. ಬೈಗುಳ ಅವನಿಗೆ, ಹೆಸರು ನಿಮಗೆ.

ನಾನು 20 ವರ್ಷಕ್ಕೆ ಬಿಟ್ಟೆ. ಅಪ್ಪನಿಗೆ ಲಕ್ವ ಹೊಡೆದಿತ್ತು. ಕೈಗೆ ಬಂದ ದುಡ್ಡಲ್ಲಿ ಮನೆಗೆ 14 ಲಕ್ಷ, ಬೋರ್‌ವೆಲ್‌ಗೆ 2 ಲಕ್ಷ 30 ಸಾವಿರ. 640 ಅಡಿಗೂ ನೀರಿಲ್ಲ. ಎಟಿಎಂ ಗಾರ್ಡ್ ಕೆಲಸ, 12 ಗಂಟೆ ನಿಂತರೆ 16,500. ಸಮವಸ್ತ್ರಕ್ಕೆ 1,800 ಹಿಡಿದುಕೊಂಡರು. ಆದರೂ ಅಪ್ಪನ ಕೊನೆಯ ಎಂಟು ತಿಂಗಳು ನಾನೇ ಸ್ನಾನ ಮಾಡಿಸಿದೆ. ಬೇಜಾರಿಲ್ಲ.

ನಿವೃತ್ತ ಸುಬೇದಾರ್, ಗೋಕಾಕ: ಹೆಸರಿಗಾಗಿ ಮಾಡಲಿಲ್ಲ ತಮ್ಮಾ. ನಾನೂ ಸಿಎಚ್‌ಎಂ ಆಗಿಯೇ ಬಂದವನು.

ಸಿಕ್ಯುಎಂಎಚ್ ಆಗಿದ್ದವನು, ಧಾರವಾಡ: ನೀವಿಬ್ಬರೂ ಜಗಳ ಆಡ್ರಿ. ಸಿಕ್ಯುಎಂಎಚ್ ಅಂದರೆ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್, ಸ್ಟೋರ್ ಹಿಡಿದವನು. ಅವನ ಪಾಡು ಯಾರೂ ಕೇಳಲಿಲ್ಲ. ಚಾರ್ಜ್ ತಗೊಳ್ಳುವಾಗ ಎಣಿಸದೆ ಸಹಿ ಹಾಕಿದೆ. 11 ಕಂಬಳಿ, 4 ಜೆರಿಕ್ಯಾನ್, 1 ಟಾರ್ಪಾಲಿನ್ ಕಡಿಮೆ. ಅಷ್ಟೂ ನನ್ನ ಜೇಬಿನಿಂದ ಹೋಯ್ತು. ಅದರ ನಂತರ ಪ್ರಮೋಷನ್ ಆಸೆಯೇ ಸತ್ತಿತು. ಅಲ್ಲದೆ, ದುಡ್ಡಿನ ಲೆಕ್ಕ ನೋಡ್ರಿ. ಮಿಲಿಟರಿ ಸರ್ವೀಸ್ ಪೇ, ಅಂದರೆ ಸಂಬಳದ ಜೊತೆ ಸೇರುವ ಮೊತ್ತ, ಸಿಪಾಯಿಗೂ 5,200, ಸುಬೇದಾರ್ ಮೇಜರ್‌ಗೂ 5,200. 24 ವರ್ಷ ತುಂಬಿದರೆ ಎಂಎಸಿಪಿಯಲ್ಲಿ, ಅಂದರೆ ಪ್ರಮೋಷನ್ ಸಿಗದವರಿಗೆ ಸರ್ವೀಸ್ ಲೆಕ್ಕದಲ್ಲಿ ಸಂಬಳ ಏರಿಸುವ ಯೋಜನೆಯಲ್ಲಿ, ಹವಾಲ್ದಾರ್‌ಗೂ ನಾಯಬ್ ಸುಬೇದಾರ್ ಸಂಬಳ ಬರುತ್ತದೆ.

ಮಾಜಿ ಹವಾಲ್ದಾರ್, ಹಾಸನ: ಅರ್ಧ ಹೇಳಬೇಡಿ. ಪ್ರಮೋಷನ್ ಬೇಡ ಅಂತ ಬರೆದುಕೊಟ್ಟವನಿಗೆ ಎಂಎಸಿಪಿ ಇಲ್ಲ. ನನ್ನ ಜೊತೆಗಾರ ಹಾಗೆ ಬರೆದುಕೊಟ್ಟು ಕೋರ್ಟ್ ಅಲೆಯುತ್ತಿದ್ದಾನೆ. ವಕೀಲರಿಗೆ ಇದುವರೆಗೆ 38,000.

ಸುಬೇದಾರ್ ಹೆಂಡತಿ, ಸೋಮವಾರಪೇಟೆ: ಅಣ್ಣಂದಿರೇ, ಸ್ವಲ್ಪ ನಿಲ್ಲಿಸಿ. ನಮ್ಮವರು ಜೇಸಿಓ ಆದ ಮೇಲೆ ಮನೆಗೆ ಬರುವುದು ಜಾಸ್ತಿ ಆಗಲಿಲ್ಲ, ಫೋನ್ ಜಾಸ್ತಿ ಆಯ್ತು. ರಾತ್ರಿ ಹನ್ನೊಂದಕ್ಕೆ ಯಾರದೋ ಹೆಂಡತಿ ಅಳುತ್ತಾ ನನಗೇ ಮಾಡುತ್ತಾಳೆ, ಸಾಬ್‌ಗೆ ಹೇಳಿ ಅಕ್ಕ ಅಂತ. ನಾನು ಹೇಳುತ್ತೇನೆ. ಮಗಳ ಎಸ್‌ಎಸ್‌ಎಲ್‌ಸಿಗೆ ಗಣಿತದ ಟ್ಯೂಷನ್‌ಗೆ ನಾನೇ ಸ್ಕೂಟಿಯಲ್ಲಿ ಬಿಟ್ಟೆ, ಮಳೆಗಾಲ ಪೂರ್ತಿ. 81 ಪರ್ಸೆಂಟ್ ಬಂತು. ಬಂದುಬಿಡಿ ಅಂತ ನಾನೂ ಹೇಳಿದ್ದೆ. ಅವರು ಬರಲಿಲ್ಲ. ಅದು ಇನ್ನೂ ನೋಯುತ್ತದೆ.

ಸಿಕ್ಯುಎಂಎಚ್ ಆಗಿದ್ದವನು, ಧಾರವಾಡ: ಹಾಸನದವರೇ, ನಿಮ್ಮ ಜೊತೆಗಾರ ಸಹಿ ಹಾಕಿದ್ದು ಕೇಡರ್‌ಗೆ ಮೊದಲೋ, ಆಮೇಲೋ? ಅದನ್ನು ಹೇಳಿ ಮೊದಲು.