ಬಿಬಿಸಿ ಮೈಕ್ರೋಗೆ ಪ್ರಿಂಟರ್ ಜೋಡಿಸಿದವರು ಯಾರಾದರೂ ಇದ್ದೀರಾ?

ಪ್ರಶ್ನೆ, ಹಾಸನದಿಂದ

ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಶಾಲೆಯ ಸ್ಟೋರ್ ರೂಮ್ ತೆರವು ಮಾಡುವಾಗ ಭೂಪಟಗಳ ಸುರುಳಿಗಳ ಹಿಂದೆ ಒಂದು ಬಿಬಿಸಿ ಮೈಕ್ರೋ ಕಂಪ್ಯೂಟರ್ ಸಿಕ್ಕಿತು. 1984ರ ಸುಮಾರಿಗೆ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ತಂದ ‘ಕ್ಲಾಸ್’ ಯೋಜನೆಯ ಪಳೆಯುಳಿಕೆ. ಟಿವಿಗೆ ಜೋಡಿಸಿ ಸ್ವಿಚ್ ಹಾಕಿದರೆ ಒಮ್ಮೆ ದಪ್ಪ ದನಿಯಲ್ಲಿ, ಒಮ್ಮೆ ಕೀಚಲು ದನಿಯಲ್ಲಿ ಕೂಗಿ ಎದ್ದು ಕುಳಿತಿತು. ಜೊತೆಗೆ ಎಪ್ಸನ್ ಎಲ್‌ಎಕ್ಸ್-800 ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಒಂದು ಚಪ್ಪಟೆ ಕೇಬಲ್ ಇವೆ. ಎಂಟನೆಯ ತರಗತಿಯ ಮಕ್ಕಳ ಎದುರು ಎರಡರ ಮಗ್ಗಿಯನ್ನು ಇದರಲ್ಲೇ ಮುದ್ರಿಸಿ ತೋರಿಸಬೇಕೆಂಬ ಆಸೆ. ಪರದೆಯ ಮೇಲೆ ಮಗ್ಗಿ ಸರಿಯಾಗಿದೆ. ಕಾಗದದ ಮೇಲೆ ಮಾತ್ರ ಹತ್ತೂ ಸಾಲು ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿಯಾಗಿದೆ. ಕಾಗದ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಮೋಟಾರು ಕೆಟ್ಟಿದೆಯೇ? ಅನುಭವ ಇದ್ದವರು ತಿಳಿಸಿ.

ಬೆಂಗಳೂರಿನಿಂದ

ಮೇಷ್ಟ್ರೇ, ಪ್ರಿಂಟರಿನ ಮಾತು ಆಮೇಲೆ. ಮೊದಲು ಕಂಪ್ಯೂಟರಿನ ಪ್ಲಗ್ ಕೀಳಿ. ದಶಕಗಳಿಂದ ಮಲಗಿದ್ದ ಯಂತ್ರಕ್ಕೆ ನೇರವಾಗಿ 230 ವೋಲ್ಟ್ ಕೊಟ್ಟಿದ್ದೀರಿ, ನಿಮ್ಮ ಅದೃಷ್ಟ ಚೆನ್ನಾಗಿದೆ. ಅದರ ಪವರ್ ಸಪ್ಲೈ ಡಬ್ಬಿಯೊಳಗೆ ಹಳದಿ ಗಾಜಿನಂತೆ ಕಾಣುವ ಎರಡು ಕೆಪಾಸಿಟರುಗಳಿರುತ್ತವೆ, ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ವಯಸ್ಸಾದಂತೆ ಮೈಯೆಲ್ಲ ಬಿರುಕು ಬಿಟ್ಟು ತೇವ ಕುಡಿದಿರುತ್ತವೆ. ಒಂದು ದಿನ ಇದ್ದಕ್ಕಿದ್ದಂತೆ ಸಿಡಿದು, ಕೋಣೆ ತುಂಬ ನಾರುವ ಹೊಗೆ ಎಬ್ಬಿಸುತ್ತವೆ. ಮಕ್ಕಳ ಎದುರು ಅದು ಆಗಬಾರದು. ಎಕ್ಸ್2 ದರ್ಜೆಯ ಹೊಸದನ್ನು ಹಾಕಿಸಿ. ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಆ ಡಬ್ಬಿಯೊಳಗೆ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಟಿವಿ ರಿಪೇರಿ ಬಲ್ಲವರಿಗೆ ಅರ್ಧ ಗಂಟೆಯ ಕೆಲಸ.

ಇನ್ನು ಪ್ರಿಂಟರ್. ಕೇಬಲ್ ಕಿತ್ತು ಪಕ್ಕಕ್ಕಿಡಿ. ಲೈನ್ ಫೀಡ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪ್ರಿಂಟರಿನ ಸ್ವಿಚ್ ಹಾಕಿ. ಅದು ತನಗೆ ಬರುವ ಅಕ್ಷರಗಳನ್ನೆಲ್ಲ ತಾನೇ ಸಾಲು ಸಾಲಾಗಿ ಒಪ್ಪಿಸುತ್ತದೆ. ಆಗ ಕಾಗದ ಸರಿದರೆ ಮೋಟಾರಿಗೆ ಏನೂ ಆಗಿಲ್ಲ. ಇಪ್ಪತ್ತು ವರ್ಷ ಪ್ರಿಂಟರ್ ಸರ್ವಿಸ್ ಮಾಡಿದ್ದೇನೆ. ‘ಪ್ರಿಂಟರ್ ಕೆಟ್ಟಿದೆ’ ಎಂದು ಕರೆದವರ ಮನೆಯಲ್ಲಿ ನಾನು ಮೊದಲು ಮಾಡುತ್ತಿದ್ದದ್ದು ಇದೇ.

ಇಂಗ್ಲೆಂಡಿನ ರೆಡಿಂಗ್‌ನಿಂದ

ಮೋಟಾರು ಖಂಡಿತ ಅಲ್ಲ. ಇಲ್ಲಿ ಈ ಯಂತ್ರವನ್ನು ಇಂದಿಗೂ ಪೂಜಿಸುವವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ನಾನು ಮೊದಲ ಸಲ ಮುದ್ರಿಸಿದಾಗಲೂ ಇದೇ ಕಪ್ಪು ಪಟ್ಟಿ ಬಂದಿತ್ತು.

ಹಳೆಯ ಟೈಪ್‌ರೈಟರ್ ನೆನಪಿಸಿಕೊಳ್ಳಿ. ಸಾಲು ಮುಗಿದಾಗ ಎರಡು ಕೆಲಸ ಆಗಬೇಕು: ಎಡ ಅಂಚಿಗೆ ಮರಳುವುದು ಒಂದು, ಕಾಗದ ಒಂದು ಸಾಲು ಮೇಲೇರುವುದು ಇನ್ನೊಂದು. ಕಂಪ್ಯೂಟರಿನಲ್ಲಿ ಮೊದಲನೆಯದರ ಸಂಕೇತ 13, ಎರಡನೆಯದರದು 10. ಆ ಕಾಲದಲ್ಲಿ 13 ಬಂದರೆ ಸಾಕು, ತಾವೇ ಕಾಗದ ಏರಿಸುತ್ತಿದ್ದ ಪ್ರಿಂಟರುಗಳೂ ಬೇಕಾದಷ್ಟಿದ್ದವು. ಅವು ಎರಡೆರಡು ಸಾಲು ಹಾರಬಾರದೆಂದು ಬಿಬಿಸಿ ಮೈಕ್ರೋ 10 ಎಂಬ ಸಂಕೇತವನ್ನು ಪ್ರಿಂಟರಿಗೆ ಕಳಿಸದೆ ನುಂಗಿಬಿಡುತ್ತದೆ. ನಿಮ್ಮ ಎಪ್ಸನ್ ಆ 10ಕ್ಕಾಗಿ ಕಾದು ಕುಳಿತಿದೆ.

ದಾರಿ ಎರಡು. *ಎಫ್‌ಎಕ್ಸ್ 6,0 ಎಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ನುಂಗುವ ಸಂಕೇತ 10ರ ಬದಲು 0 ಆಗುತ್ತದೆ. ಇಲ್ಲವೇ ಪ್ರಿಂಟರಿನಲ್ಲಿರುವ ಪುಟ್ಟ ಸ್ವಿಚ್‌ಗಳ ಸಾಲಿನಲ್ಲಿ ಆಟೋ ಲೈನ್ ಫೀಡ್ ಎಂಬುದನ್ನು ಆನ್ ಮಾಡಿ. ಪ್ರಿಂಟರ್ ಆ ಸ್ವಿಚ್‌ಗಳನ್ನು ಓದುವುದು ಎಚ್ಚರಗೊಳ್ಳುವಾಗ ಮಾತ್ರ, ಹಾಗಾಗಿ ಆರಿಸಿ ಮತ್ತೆ ಹಾಕಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಸಾಲುಗಳ ನಡುವೆ ಖಾಲಿ ಸಾಲು ಬರುತ್ತದೆ. ನನಗೆ ಇಷ್ಟ ಎರಡನೆಯದು. ಒಮ್ಮೆ ಒತ್ತಿದರೆ ಮರೆತುಬಿಡಬಹುದು.

ಹಾಸನದಿಂದ ಮತ್ತೆ

ಇಬ್ಬರಿಗೂ ನಮಸ್ಕಾರ. ಕೆಪಾಸಿಟರ್ ಹಾಕಿಸಿದೆ. ತೆಗೆದದ್ದನ್ನು ನೋಡಿದರೆ ಬೇಸಿಗೆಯ ಕೆರೆಯ ತಳದಂತೆ ಬಿರಿದಿತ್ತು. ಲೈನ್ ಫೀಡ್ ಗುಂಡಿಯ ಪರೀಕ್ಷೆ ಅಚ್ಚುಕಟ್ಟಾಗಿ ಬಂತು. ಸ್ವಿಚ್ ಕೂಡ ಒತ್ತಿದೆ. ಈಗ ಸಾಲುಗಳು ಬೇರೆ ಬೇರೆ ಬರುತ್ತಿವೆ, ಆದರೆ ಪಟ್ಟಿಯೊಳಗೆ ಏನು ಅಡಗಿತ್ತೆಂಬುದು ಈಗ ಬಯಲಾಗಿದೆ. ಪರದೆಯ ಮೇಲೆ 2*2=4, 2*3=6, 2*4=8. ಕಾಗದದ ಮೇಲೆ 3+3=5, 3+3=7, 3+5=9! ಸಾಲದ್ದಕ್ಕೆ ಪ್ರತಿ ಸಾಲಿನ ಮುಂದೆ ಒಂಬತ್ತು ಆಶ್ಚರ್ಯಸೂಚಕ ಚಿಹ್ನೆಗಳು. ಗಣಿತದ ಮೇಷ್ಟ್ರನ್ನು ಯಂತ್ರ ಅಣಕಿಸುತ್ತಿರುವಂತಿದೆ.

ಮೈಸೂರಿನಿಂದ

ಇದು ಚಿಪ್ ಹೋದ ಲಕ್ಷಣ. ಬೋರ್ಡಿನಲ್ಲಿ 6522 ಎಂಬ ಚಿಪ್‌ಗಳು ಎರಡಿವೆ. ಅವುಗಳಲ್ಲಿ ಒಂದು ಪ್ರಿಂಟರಿನ ಉಸ್ತುವಾರಿ ನೋಡಿಕೊಳ್ಳುತ್ತದೆ. ಎರಡೂ ಸಾಕೆಟ್‌ನಲ್ಲಿದ್ದರೆ ಅದಲುಬದಲು ಮಾಡಿ ನೋಡಿ. ನನ್ನ ಯಂತ್ರದಲ್ಲಿ ಅದೇ ಹೋಗಿತ್ತು.

ಬೆಂಗಳೂರಿನಿಂದ

ಸ್ಕ್ರೂ ಡ್ರೈವರ್ ಕೆಳಗಿಡಿ ಮೇಷ್ಟ್ರೇ. ಮೈಸೂರಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಕೊನೆಯ ಮೆಟ್ಟಿಲು. ಇಷ್ಟು ಹಳೆಯ ಚಿಪ್ ಕೀಳುವಾಗ ಕಾಲು ಮುರಿದರೆ ಇಲ್ಲದ ರೋಗ ಅಂಟಿಸಿಕೊಂಡಂತೆ. ನಿಮ್ಮ ತಪ್ಪು ಮಗ್ಗಿಯೇ ರೋಗದ ಹೆಸರು ಹೇಳುತ್ತಿದೆ.

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. 2 ಎಂಬ ಅಂಕಿಗೆ 50, 3ಕ್ಕೆ 51. ನಕ್ಷತ್ರ ಚಿಹ್ನೆ 42, ಕೂಡಿಸುವ ಚಿಹ್ನೆ 43. ಖಾಲಿ ಜಾಗ 32, ಆಶ್ಚರ್ಯಸೂಚಕ 33. ನೋಡಿದಿರಾ? ಸಮ ಸಂಖ್ಯೆಗಳೆಲ್ಲ ಒಂದೊಂದು ಹೆಚ್ಚಾಗಿ ಬೆಸವಾಗಿವೆ, ಬೆಸವಾಗಿದ್ದವು ಹಾಗೆಯೇ ಉಳಿದಿವೆ. ಸಮಚಿಹ್ನೆ 61, ಅದಕ್ಕೇ ಅದು ಕೆಟ್ಟಿಲ್ಲ. ಸಾಲು ಮುಗಿಸುವ 13 ಕೂಡ ಬೆಸ. (ನೀವು ಸ್ವಿಚ್ಚಿನ ದಾರಿ ಹಿಡಿದದ್ದು ಒಳ್ಳೆಯದಾಯಿತು. *ಎಫ್‌ಎಕ್ಸ್ ದಾರಿಯಲ್ಲಿ ಹೋಗಿದ್ದರೆ 10 ಎಂಬುದು 11 ಆಗಿ, ಬೇರೆಯದೇ ಆಜ್ಞೆ ಪ್ರಿಂಟರಿಗೆ ತಲುಪುತ್ತಿತ್ತು.) ಒಂಬತ್ತು ಆಶ್ಚರ್ಯಸೂಚಕಗಳೂ ಲೆಕ್ಕಕ್ಕೆ ಸರಿ. ಈ ಯಂತ್ರದ ಪ್ರೋಗ್ರಾಮ್ ಭಾಷೆಯಾದ ಬಿಬಿಸಿ ಬೇಸಿಕ್ ಸಾಲಿನ ಮೊದಲ ಸಂಖ್ಯೆಯನ್ನು ಹತ್ತು ಮನೆಗಳ ಅಗಲದಲ್ಲಿ ಬಲಕ್ಕೆ ಒತ್ತಿ ಬರೆಯುತ್ತದೆ. ಒಂದೇ ಅಂಕಿಯಾದರೆ ಮುಂದೆ ಒಂಬತ್ತು ಖಾಲಿ ಜಾಗ.

ಆ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದಾಗ ಬರುವ ಎಂಟು ಬಿಟ್‌ಗಳು, ಅಂದರೆ 0 ಅಥವಾ 1ಗಳು, ಎಂಟು ತಂತಿಗಳಲ್ಲಿ ಒಟ್ಟಿಗೆ ಹೋಗುತ್ತವೆ. ಅವುಗಳಲ್ಲಿ ಬಿಡಿಸ್ಥಾನದ ತಂತಿ, ಅಂದರೆ ಸಮವೋ ಬೆಸವೋ ಎಂದು ನಿರ್ಧರಿಸುವುದು, ಪ್ರಿಂಟರಿಗೆ ತಲುಪುತ್ತಿಲ್ಲ. ತಂತಿ ಕಡಿದರೆ 0 ತಾನೇ ಬರಬೇಕು ಎಂದು ಕೇಳುತ್ತೀರಿ. ಪ್ರಿಂಟರಿನೊಳಗೆ ಆ ತಂತಿಗಳನ್ನು 5 ವೋಲ್ಟ್ ಕಡೆಗೆ ಎಳೆದು ಹಿಡಿಯುವ ರೆಸಿಸ್ಟರುಗಳಿರುತ್ತವೆ. ಕಂಪ್ಯೂಟರ್ ಕೆಳಕ್ಕೆ ಎಳೆದರೆ ಮಾತ್ರ 0, ಇಲ್ಲವಾದರೆ ಸದಾ 1.

ಕೇಬಲ್ ಎರಡೂ ಕಡೆ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಕಂಪ್ಯೂಟರ್ ಕಡೆಯ 26 ಪಿನ್ನುಗಳ ಕನೆಕ್ಟರಿನಲ್ಲಿ 3ನೆಯದು, ಪ್ರಿಂಟರ್ ಕಡೆಯ 36ರಲ್ಲಿ 2ನೆಯದು, ಇವೆರಡರ ನಡುವೆ ಸಂಪರ್ಕ ಇದೆಯೇ ನೋಡಿ. ಕೇಬಲಿನ ಕೆಂಪು ಅಂಚಿನಿಂದ ಎಣಿಸಿದರೆ ಮೂರನೆಯ ತಂತಿ. ಮೀಟರ್ ಕೂಗುವುದಿಲ್ಲ ಎಂದು ನನ್ನ ಪಂದ್ಯ.

ಶಿವಮೊಗ್ಗದಿಂದ

ನಮ್ಮ ಸಹಕಾರ ಸಂಘದಲ್ಲಿ ರಸೀದಿಗೆ ಕಾರ್ಬನ್ ಪ್ರತಿ ಬೇಕು, ಆದ್ದರಿಂದ ಇಂದಿಗೂ ಡಾಟ್ ಮ್ಯಾಟ್ರಿಕ್ಸೇ ಗತಿ. ಚಪ್ಪಟೆ ಕೇಬಲಿನಲ್ಲಿ ತಂತಿ ಕಡಿಯುವುದು ಅಪರೂಪ. ಕನೆಕ್ಟರಿನ ಒಳಗಿನ ಹಲ್ಲು ತಂತಿಯ ಹೊದಿಕೆಯನ್ನು ಕಚ್ಚಿ ಹಿಡಿದಿರುತ್ತದೆ, ಆ ಹಿಡಿತ ಸಡಿಲವಾಗುತ್ತದೆ ಅಷ್ಟೇ. ಬೆಂಚ್ ವೈಸ್‌ನಲ್ಲಿ ಎರಡು ಮರದ ತುಂಡುಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿ. ಸುತ್ತಿಗೆ ಬೇಡ. ಮುದ್ರಣ ಮಸುಕಾಗಿದ್ದರೆ ರಿಬ್ಬನ್ನಿಗೆ ಎಣ್ಣೆ ಬಿಡಿ ಎನ್ನುವವರು ಸಿಗುತ್ತಾರೆ. ಹತ್ತು ಪುಟ ಚೆನ್ನಾಗಿ ಬರುತ್ತದೆ, ಆಮೇಲೆ ಎಲ್ಲವೂ ಜಿಡ್ಡು. ಹೊಸ ರಿಬ್ಬನ್ ತನ್ನಿ.

ಹಾಸನದಿಂದ ಮತ್ತೆ

ಬೆಂಗಳೂರಿನವರು ಪಂದ್ಯ ಗೆದ್ದರು. ಮೂರನೆಯ ತಂತಿಯೇ. ಶಾಲೆಯ ಎದುರಿನ ವೆಲ್ಡಿಂಗ್ ಅಂಗಡಿಯ ವೈಸ್‌ನಲ್ಲಿ ಒತ್ತಿಸಿದೆ, ಎರಡೆರಡಲಿ ಈಗ ನಾಲ್ಕೇ. ತಪ್ಪು ಮಗ್ಗಿಯ ಹಾಳೆಯನ್ನು ಮಾತ್ರ ಇಟ್ಟುಕೊಂಡಿದ್ದೇನೆ. ದ್ವಿಮಾನ ಪದ್ಧತಿ ಪಾಠ ಮಾಡುವಾಗ ಅದನ್ನೂ ಸಂಕೇತಗಳ ಪಟ್ಟಿಯನ್ನೂ ಕೊಟ್ಟು ‘ಯಾವ ತಂತಿ ಹೋಗಿದೆ?’ ಎಂದು ಕೇಳುವುದು. ಇನ್ನೊಂದು ಸಂಶಯ: ಮಕ್ಕಳು ಹೆಸರನ್ನು ಕನ್ನಡದಲ್ಲಿ ಮುದ್ರಿಸಿ ಎನ್ನುತ್ತಿದ್ದಾರೆ. ಸಾಧ್ಯವೇ?

ಉಡುಪಿಯಿಂದ

ಸಾಧ್ಯ, ತಾಳ್ಮೆ ಇದ್ದರೆ. ಕಾಲೇಜಿನಲ್ಲಿದ್ದಾಗ ಮಾಡಿದ್ದೆ. ಪ್ರಿಂಟರಿಗೆ 27, 75 ಕಳಿಸಿ, ಎಷ್ಟು ಕಂಬಸಾಲು ಚುಕ್ಕಿಗಳೆಂದು ಎರಡು ಬೈಟ್‌ಗಳಲ್ಲಿ (ಎಂಟು ಬಿಟ್ ಸೇರಿದರೆ ಒಂದು ಬೈಟ್) ಹೇಳಿದರೆ (ಹದಿನಾರಾದರೆ 16, 0), ಮುಂದಿನ ಬೈಟ್‌ಗಳನ್ನು ಚುಕ್ಕಿಗಳಾಗಿ ಹೊಡೆಯುತ್ತದೆ. ನಾನು ಪರದೆಗೆ ಬರೆದಿದ್ದ ಅಕ್ಷರವಿನ್ಯಾಸವನ್ನೇ ಕಳಿಸಿದೆ, ಅಕ್ಷರಗಳೆಲ್ಲ ಮಲಗಿಕೊಂಡವು. ಪರದೆಯಲ್ಲಿ ಒಂದು ಬೈಟ್ ಎಂದರೆ ಅಡ್ಡ ಸಾಲು, ಪ್ರಿಂಟರಿನಲ್ಲಿ ಕಂಬಸಾಲು. ತಿರುಗಿಸಿ ಕಳಿಸಬೇಕು.

ಎಂಟು ಚುಕ್ಕಿ ಎತ್ತರದಲ್ಲಿ ‘ಕ’ ಹಿಡಿಯುತ್ತದೆ, ‘ಕೃಷ್ಣ’ ಹಿಡಿಯುವುದಿಲ್ಲ. ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು ಸುತ್ತು ಹೊಡೆಯಬೇಕು. ಅದಕ್ಕೆ ಮೊದಲು 27, 65, 8 ಕಳಿಸಿ, ಸಾಲಿನ ಅಂತರ 8/72 ಅಂಗುಲಕ್ಕೆ ಇಳಿದು ಎರಡು ಸುತ್ತುಗಳು ಅಂಟಿಕೊಳ್ಳುತ್ತವೆ.

ರೆಡಿಂಗ್‌ನವರು ಹೇಳಿದ ನುಂಗುವ ಸಂಕೇತ ಇಲ್ಲಿ ಕಾಟ ಕೊಡುತ್ತದೆ. ಅಕ್ಷರದ ಯಾವುದೋ ಕಂಬಸಾಲಿನ ಬೆಲೆ 10 ಆಗಿದ್ದರೆ ಕಂಪ್ಯೂಟರ್ ಅದನ್ನೂ ನುಂಗುತ್ತದೆ. ಪ್ರಿಂಟರ್ ಲೆಕ್ಕ ತಪ್ಪಿ ಮುಂದಿನ ಅಕ್ಷರದ ಬೈಟ್ ಒಂದನ್ನು ಕಬಳಿಸುತ್ತದೆ. *ಎಫ್‌ಎಕ್ಸ್ 6,0 ಮಾಡಿದರೆ ಇನ್ನೂ ಕಷ್ಟ, ಖಾಲಿ ಕಂಬಸಾಲುಗಳೆಲ್ಲ 0 ತಾನೇ. ಬೇಸಿಕ್‌ನ ವಿಡಿಯು ಎಂಬ ಆಜ್ಞೆ ಬಳಸಿ, ವಿಡಿಯು 2ರಿಂದ ಪ್ರಿಂಟರ್ ಚಾಲೂ ಮಾಡಿದ ಮೇಲೆ ಪ್ರತಿ ಬೈಟಿನ ಮುಂದೆಯೂ ವಿಡಿಯು 1 ಹಾಕಿ. ಹಾಗೆ ಕಳಿಸಿದ್ದನ್ನು ಅದು ನುಂಗುವುದಿಲ್ಲ. ಮೊದಲು ಒತ್ತಕ್ಷರ ಇಲ್ಲದ ಹೆಸರಿನ ಮಗುವನ್ನು ಆರಿಸಿಕೊಳ್ಳಿ.