‘ನೀನು ಕೇಳಲೇ ಇಲ್ಲವಲ್ಲ’

ಪ್ರಶ್ನೆ (ಸಿಂಧನೂರು, ಹೆಸರು ಬೇಡ): ಸರ್, ನಾನು 26 ವರ್ಷದ ಗಂಡಸು. ಮೊಬೈಲಿನಲ್ಲಿ ಪರಿಚಯವಾದ ಗಂಡಸೊಬ್ಬರನ್ನು ಹನ್ನೆರಡು ದಿನಗಳ ಹಿಂದೆ ಬಳ್ಳಾರಿಯಲ್ಲಿ ಭೇಟಿಯಾಗಿದ್ದೆ. ಕಾಂಡೋಮ್ ಬಳಸಲಿಲ್ಲ. ಅವರು ಎಚ್‌ಐವಿಗೆ ಎಆರ್‌ಟಿ ಮಾತ್ರೆ ನುಂಗುತ್ತಿದ್ದಾರೆಂದು ನಿನ್ನೆ ತಿಳಿಯಿತು. ಫೋನ್ ಮಾಡಿದರೆ ‘ನೀನು ಕೇಳಲೇ ಇಲ್ಲವಲ್ಲ’ ಎಂದರು. ಸೋಂಕು ಇದ್ದವರೇ ಹೇಳಬೇಕಲ್ಲವೇ?

ಉತ್ತರ (ಆಪ್ತಸಮಾಲೋಚಕ): ಮೊದಲು ಪರೀಕ್ಷೆ, ಜಗಳ ಆಮೇಲೆ. ಸೋಂಕು ತಗುಲದಂತೆ ಕೊಡುವ 28 ದಿನಗಳ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕಿತ್ತು. ಆ ಗಡುವು ದಾಟಿದೆ. ಈಗೊಮ್ಮೆ, ಆರು ವಾರ ತುಂಬಿದಾಗ ಇನ್ನೊಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಯಾರೊಂದಿಗೇ ಆಗಲಿ, ಕಾಂಡೋಮ್ ಬಿಡಬೇಡಿ.

ಅವರು ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ನಿಮಗೆ ಅಂಟಿರುವುದಿಲ್ಲ. 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಅಂತಹ 782 ಪುರುಷ ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 76 ಸಾವಿರ ಸಲ ಸೇರಿದ್ದರೂ ಸಂಗಾತಿಯಿಂದ ಸಂಗಾತಿಗೆ ಸೋಂಕು ದಾಟಿದ್ದು ಒಮ್ಮೆಯೂ ಇಲ್ಲ. ಅವರ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ವರದಿಯಲ್ಲಿ ಎಷ್ಟಿದೆ ಎಂದು ಕೇಳಿ.

ಇನ್ನು ಹೊಣೆಯ ಮಾತು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ, ಸೋಂಕು ಹೇಗೆ ಹರಡುತ್ತದೆಂದು ತಿಳಿದಿರುವ ಸೋಂಕಿತರು ತಕ್ಕ ಮುನ್ನೆಚ್ಚರಿಕೆ ವಹಿಸಬೇಕು. ಮೊದಲೇ ಹೇಳುವುದು ಅದರಲ್ಲೊಂದು ದಾರಿ. ಆದ್ದರಿಂದ ‘ನೀನು ಕೇಳಲಿಲ್ಲ’ ಎಂಬ ಅವರ ಜವಾಬು ನನಗೆ ಒಪ್ಪಿಗೆಯಿಲ್ಲ. ಆದರೆ ‘ಇದ್ದವರು ಹೇಳುತ್ತಾರೆ’ ಎಂಬ ನಿಮ್ಮ ನಂಬಿಕೆಯೂ ಅಪಾಯದ್ದೇ. ಹೊಸದಾಗಿ ಸೋಂಕು ತಗುಲಿದವನ ಮೈಯಲ್ಲಿ ವೈರಸ್ ಅತಿ ಹೆಚ್ಚಿರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಕಾಣಿಸದಿರಬಹುದು. ತನಗೇ ಗೊತ್ತಿಲ್ಲದ್ದನ್ನು ಅವನು ಹೇಳುವುದು ಹೇಗೆ?

ಸದಸ್ಯರೊಬ್ಬರು (ಬಳ್ಳಾರಿ): ನಾನೂ ಪಾಸಿಟಿವ್. ಒಮ್ಮೆ ನಂಬಿ ಒಬ್ಬನಿಗೆ ಹೇಳಿದೆ, ವಾರದೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಆಮೇಲೆ ಬಾಯಿ ಬಿಟ್ಟಿಲ್ಲ. ಎದುರಿನವನು ಕಾಂಡೋಮ್ ಕೇಳದಿದ್ದರೆ ‘ಇವನಿಗೂ ಇರಬೇಕು’ ಎಂದುಕೊಳ್ಳುತ್ತಿದ್ದೆ.

ಉತ್ತರ: ಬರೆದಿದ್ದಕ್ಕೆ ಧನ್ಯವಾದ, ಇದನ್ನು ಹೇಳಿಕೊಳ್ಳುವವರು ಕಡಿಮೆ. ಒಂದೇ ಕೋಣೆಯಲ್ಲಿ ಒಬ್ಬ ‘ಹೇಳಲಿಲ್ಲ, ಹಾಗಾದರೆ ಇಲ್ಲ’ ಎಂದುಕೊಳ್ಳುತ್ತಾನೆ, ಇನ್ನೊಬ್ಬ ‘ಕೇಳಲಿಲ್ಲ, ಹಾಗಾದರೆ ಇದೆ’ ಎಂದುಕೊಳ್ಳುತ್ತಾನೆ. ನನ್ನ ಮೇಜಿನ ಮುಂದೆ ಕೂತವರಿಂದ ಈ ಎರಡೂ ಲೆಕ್ಕವನ್ನು ಎಷ್ಟು ಸಲ ಕೇಳಿದ್ದೇನೋ! ಬಾಯಿ ಬಿಡಲು ಆಗದಿದ್ದರೆ ಬೇಡ. ಕಾಂಡೋಮ್ ನೀವೇ ಹೊರತೆಗೆಯಿರಿ, ಮಾತ್ರೆ ತಪ್ಪಿಸಬೇಡಿ.

ಇನ್ನೊಬ್ಬರು (ಗಂಗಾವತಿ): ಎಚ್ಚರಿಕೆಯೆಲ್ಲ ಕೋತಿಗಳು (ಹೆಣ್ಣಿನ ಪಾತ್ರದ ಗಂಡಸರು) ವಹಿಸಬೇಕು, ಗಂಡಸಿನ ಪಾತ್ರದವರಿಗೆ ಅಂಟುವುದಿಲ್ಲ ಎನ್ನುತ್ತಾರಲ್ಲ?

ಉತ್ತರ: ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಹೀಗೆ ಹೇಳಿಕೊಂಡವರಲ್ಲಿ ಮದುವೆಯಾದವರೂ ಇರುತ್ತಾರೆ. ಆ ಹೆಂಡತಿಗೆ ಯಾವ ಸುಳಿವೂ ಇರುವುದಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಸರ್, ನಮ್ಮೂರ ಆಸ್ಪತ್ರೆಯಲ್ಲಿ ಗುರುತಿನವರಿದ್ದಾರೆ.

ಉತ್ತರ: ಕೊಪ್ಪಳಕ್ಕೋ ಬಳ್ಳಾರಿಗೋ ಹೋಗಿ, ಯಾವ ಸರ್ಕಾರಿ ಪರೀಕ್ಷಾ ಕೇಂದ್ರವಾದರೂ ಸರಿ. ಉಚಿತ, ಗುಟ್ಟು ಹೊರಬೀಳದು. ಅದಕ್ಕೂ ಮೊದಲು ಯಾರೊಡನಾದರೂ ಮಾತನಾಡಬೇಕೆನಿಸಿದರೆ 1097ಕ್ಕೆ ಕರೆ ಮಾಡಿ.